ಹುಬ್ಬಳ್ಳಿ-ಧಾರವಾಡದ ಪೌರಾಡಳಿತ ಮತ್ತು ಜನವಿಶ್ವಾಸ

ಹುಬ್ಬಳ್ಳಿಯಲ್ಲಿ 1855ರಲ್ಲಿಯೂ ಧಾರವಾಡದಲ್ಲಿ 1856ರಲ್ಲಿಯೂ ಪುರಸಭೆಗಳು ಸ್ಥಾಪಿತವಾದುವು. ಇವುಗಳಿಗೆ ಆಧಾರವಾದ 1850ರ ಕಾಯಿದೆಯಲ್ಲಿ ಒಂದು ವಿಶೇಷವಿದ್ದಿತು. ಊರವರು ಬಯಸಿದಲ್ಲಿ ಮಾತ್ರ ಅದನ್ನು ಆ ಊರಿಗೆ ಅನ್ವಯಿಸಬೇಕೆಂಬುದು ಅದರ ನಿಯಮ. ಆದರೆ ಸದಸ್ಯರನ್ನು ನೇಮಿಸುವವರು ಸರಕಾರದವರೇ. ಕರ ತೆರಲು ಪ್ರಜೆಗಳ ಒಪ್ಪಿಗೆ ಬೇಕು, ಲೆಕ್ಕ ಕೇಳಲು ಅವರಿಗೆ ಅಧಿಕಾರವಿಲ್ಲ! 1882ರಲ್ಲಿ ರಿಪನ್ ಪ್ರಭುವಿನ ನಿರ್ಣಯವೂ 1884ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯೂ ಬಂದ ಮೇಲೆಯೇ ಚುನಾಯಿತ ಸದಸ್ಯರಿಗೆ ಸಭೆಗಳಲ್ಲಿ ಗಣ್ಯವಾದ ಸ್ಥಾನ ದೊರೆಯತೊಡಗಿತು.

1962ರಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು ಅಂತರದ ಈ ಎರಡು ಊರುಗಳನ್ನು ಕೂಡಿಸಿ ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಅಲ್ಲಿಂದ ಮುಂದೆ ಪಾಲಿಕೆಯನ್ನು ಜನರು ಅಳೆದುದು ಮುಖ್ಯವಾಗಿ ನೀರಿನಿಂದ. ನೀರಸಾಗರವು ಮಳೆಯನ್ನೇ ನಂಬಿದ ಕೆರೆ. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬರಬೇಕು. ಅನೇಕ ಬಡಾವಣೆಗಳಿಗೆ ನೀರು ಬರುತ್ತಿದ್ದುದು ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ. ನೀರಿನ ಕೊರತೆಗಿಂತ ಅದರ ಅನಿಶ್ಚಿತತೆಯೇ ಜನರನ್ನು ಹೆಚ್ಚು ನೋಯಿಸಿತೆನ್ನಬೇಕು. ಎಂದು ಬರುವುದೆಂದು ತಿಳಿಯದೆ ಕೊಡ ಹಿಡಿದು ಕಾಯುವ ಗೃಹಿಣಿಗೆ ಕೀಲಿ ತಿರುವಿ ನೀರು ಬಿಡುವ ಸಿಬ್ಬಂದಿಯೇ ಸರಕಾರ. ಮೇಯರು ಬಹು ದೂರದವರು. 2003ರಲ್ಲಿ ನೀರು ಸರಬರಾಜಿನ ಹೊಣೆಯು ಪಾಲಿಕೆಯಿಂದ ರಾಜ್ಯದ ಜಲಮಂಡಲಿಗೆ ಹೋಯಿತು. ದೂರು ಮಾತ್ರ ಹಿಂದಿನಂತೆ ವಾರ್ಡಿನ ಸದಸ್ಯರ ಮನೆಬಾಗಿಲಿಗೇ ಬರುತ್ತಿದ್ದುದು ಸಹಜವಷ್ಟೆ.

2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಅವಳಿನಗರದ ಕೆಲವು ಭಾಗಗಳಿಗೆ ಇಪ್ಪತ್ತುನಾಲ್ಕು ತಾಸಿನ ನೀರು ದೊರೆಯಿತು. ಬಿಟ್ಟುಬಿಟ್ಟು ಬರುವ ನೀರಿಗಿಂತ ಅಲ್ಲಿಯ ನೀರು ಶುದ್ಧವಾಗಿದ್ದುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ತೋರಿಸಿದರು. ಆದರೆ ಪಕ್ಕದ ಓಣಿಯವರು ಇನ್ನೂ ವರ್ಷಗಟ್ಟಲೆ ಕಾಯಬೇಕಾಯಿತು. ಒಂದೇ ಊರಿನ ಎರಡು ಓಣಿಗಳಿಗೆ ಎರಡು ನ್ಯಾಯವೇಕೆಂಬ ಪ್ರಶ್ನೆಗೆ ಪ್ರಯೋಗವೆಂಬ ಉತ್ತರ ಸಾಲದು.

ಇದಕ್ಕಿಂತ ಗಂಭೀರವಾದ ಪ್ರಸಂಗ ಬೇರೊಂದಿದೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದೆ. ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿದರೂ 82 ವಾರ್ಡುಗಳಿಗೆ ಮತದಾನವಾದುದು 2021ರ ಸೆಪ್ಟೆಂಬರಿನಲ್ಲಿ; ಮೇಯರ ಆಯ್ಕೆ ನಡೆದುದು 2022ರ ಮೇ ತಿಂಗಳಿನಲ್ಲಿ. ನಡುವಿನ ಮೂರು ವರ್ಷಗಳಲ್ಲಿ, ಕೋವಿಡ್ ವ್ಯಾಧಿಯ ಕಾಲವೂ ಸೇರಿ, ಕರ ವಸೂಲಿ ನಿಲ್ಲಲಿಲ್ಲ. ಅದರ ಲೆಕ್ಕ ಕೇಳುವ ಚುನಾಯಿತ ಸಭೆ ಮಾತ್ರ ಇರಲಿಲ್ಲ. ಅನುದಾನದಲ್ಲಿ ತಮಗೆ ಸಲ್ಲಬೇಕಾದ ಪಾಲು ಸಲ್ಲುತ್ತಿಲ್ಲವೆಂಬ ಧಾರವಾಡದವರ ದೂರು ಇದಕ್ಕೂ ಹಳೆಯದು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ರಚಿಸಲು ರಾಜ್ಯ ಸಚಿವ ಸಂಪುಟವು 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು.