ಆಸ್ಪತ್ರೆಯ ಹೊಣೆ: ಹೈದರಾಬಾದಿನ ಒಂದು ವ್ಯಾಜ್ಯ

ಆಳಿನ ತಪ್ಪಿಗೆ ಧಣಿಯೇ ಹೊಣೆಯೆಂಬ ನ್ಯಾಯತತ್ತ್ವ ಹಳೆಯದು. ಅದು ಆಸ್ಪತ್ರೆಗಳಿಗೂ ಸಲ್ಲಬೇಕಾದರೆ ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1909ರಲ್ಲಿ, ವೈದ್ಯನು ಸ್ವಂತ ವಿದ್ಯೆಯ ಬಲದಿಂದ ನಡೆಯುವವನಾದುದರಿಂದ ಅವನ ಪ್ರಮಾದಕ್ಕೆ ಆಸ್ಪತ್ರೆ ಬಾಧ್ಯವಲ್ಲವೆಂದಿತು; 1951ರಲ್ಲಿ ಅದೇ ನ್ಯಾಯಾಲಯವು, ತಾನು ನೇಮಿಸಿದ ವೈದ್ಯನ ತಪ್ಪಿಗೆ ಆಸ್ಪತ್ರೆಯೇ ಹೊಣೆಯೆಂದಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 1986ರ ಗ್ರಾಹಕ ಸಂರಕ್ಷಣಾ ಶಾಸನವು ಶುಲ್ಕ ಪಡೆದು ಸಲ್ಲಿಸುವ ವೈದ್ಯಸೇವೆಗೂ ಅನ್ವಯಿಸುವುದೆಂದು 1995ರಲ್ಲಿ ತೀರ್ಮಾನಿಸಿತು.

ಈ ತತ್ತ್ವಕ್ಕೆ ಒರೆಗಲ್ಲಾದುದು ಹೈದರಾಬಾದಿನ ಪಂಜಗುಟ್ಟದಲ್ಲಿರುವ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯ ಪ್ರಕರಣ. 1990ರ ಅಕ್ಟೋಬರಿನಲ್ಲಿ 20 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಎದೆಯೊಳಗಿನ ಗೆಡ್ಡೆಯನ್ನು ಅಲ್ಲಿ ಕೊಯ್ದು ತೆಗೆಯಲಾಯಿತು. ನರಶಸ್ತ್ರವೈದ್ಯರ ನೆರವನ್ನು ಮೊದಲೇ ಪಡೆದಿರಲಿಲ್ಲ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯನ್ನೇ ಪೂರ್ಣ ಛೇದನಕ್ಕೂ ಆಧಾರವಾಗಿ ಹಿಡಿಯಲಾಗಿತ್ತು. ಶಸ್ತ್ರಕ್ರಿಯೆಯ ತರುವಾಯ ಅವನ ಕೆಳದೇಹ ಸ್ವಾಧೀನ ತಪ್ಪಿತು.

ರಾಷ್ಟ್ರೀಯ ಗ್ರಾಹಕ ಆಯೋಗವು 1999ರಲ್ಲಿ 15.5 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಉಭಯ ಪಕ್ಷದವರೂ ಮೇಲ್ಮನವಿ ಹೂಡಿದರು. ಗಾಲಿಕುರ್ಚಿಯಲ್ಲಿ ಕುಳಿತು ಸ್ವತಃ ವಾದಿಸಿದ ಆತನಿಗೆ ಸರ್ವೋಚ್ಚ ನ್ಯಾಯಾಲಯವು 2009ರ ಮೇ 14ರಂದು 1 ಕೋಟಿ ರೂಪಾಯಿಗಳನ್ನು ಶೇಕಡ 6ರ ಬಡ್ಡಿಯೊಡನೆ ಕೊಡಿಸಿತು.

ಮೊತ್ತಕ್ಕಿಂತ ಮಿಗಿಲಾದುದು ಅಲ್ಲಿ ಸ್ಥಿರಪಟ್ಟ ನಿಯಮ: ಅಲಕ್ಷ್ಯ ನಡೆದಿದೆಯೆಂದು ರೋಗಿಯು ಪ್ರಾಥಮಿಕವಾಗಿ ತೋರಿಸಿಕೊಟ್ಟ ಬಳಿಕ, ತಪ್ಪಿಲ್ಲವೆಂದು ಸಾಧಿಸುವ ಭಾರ ಆಸ್ಪತ್ರೆಯ ಮತ್ತು ವೈದ್ಯರ ಮೇಲೆ ಬೀಳುತ್ತದೆ. ಪ್ರಜ್ಞೆ ತಪ್ಪಿಸಿ ಮಲಗಿಸಿದವನು ಶಸ್ತ್ರಗೃಹದೊಳಗೆ ನಡೆದುದಕ್ಕೆ ಸಾಕ್ಷಿಯಾಗಲಾರನು. ವೈದ್ಯರನ್ನು ನೇಮಿಸಿ, ದಾಖಲೆಗಳನ್ನು ತನ್ನ ವಶದಲ್ಲಿರಿಸಿಕೊಂಡ ಸಂಸ್ಥೆಯೇ ಉತ್ತರ ಹೇಳತಕ್ಕುದು.