ರೋಗದ ಬೇಹುಗಾರರು

ಇಂಗ್ಲಿಷಿನ ‘ಇಂಟೆಲಿಜೆನ್ಸ್’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಬುದ್ಧಿ, ಇನ್ನೊಂದು ಬೇಹು. ಎರಡಕ್ಕೂ ಒಂದೇ ಮಾತು ಹೇಗೆ ಸಂದಿತೆಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ನಮ್ಮ ಪೂರ್ವಿಕರಂತೂ ಅರಸನನ್ನು ಚಾರಚಕ್ಷುವೆಂದು ಕರೆದು, ಬೇಹುಗಾರನೇ ಆಳುವವನ ಕಣ್ಣೆಂಬುದನ್ನು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ. ಶತ್ರುವಿನ ದಂಡು ಯಾವ ಗಡಿಯಲ್ಲಿ ಬೀಡುಬಿಟ್ಟಿದೆ, ಎಷ್ಟು ಆನೆ, ಎಷ್ಟು ಕುದುರೆ ಎಂದು ತಿಳಿದು ಬರುವುದು ಚಾರರ ಕೆಲಸ. ಈ ಮಾತನ್ನು ವೈದ್ಯರು ತಮ್ಮ ಶಾಸ್ತ್ರಕ್ಕೆ ಎರವಲು ತಂದು ನೂರು ವರ್ಷಗಳಾದವು. ಮೊದಲ ಮಹಾಯುದ್ಧದ ತರುವಾಯ ಜಿನೀವಾದಲ್ಲಿ ನೆಲೆಗೊಂಡ ರಾಷ್ಟ್ರಸಂಘವು ತನ್ನ ಆರೋಗ್ಯ ವಿಭಾಗದಲ್ಲಿ ಸಾಂಕ್ರಾಮಿಕ ರೋಗಗಳ ‘ಇಂಟೆಲಿಜೆನ್ಸ್’ ಶಾಖೆಯೊಂದನ್ನು ತೆರೆಯಿತು. ಇಲ್ಲಿ ಶತ್ರುವೆಂದರೆ ಪ್ಲೇಗು, ಕಾಲರಾ, ಸಿಡುಬು. ದಂಡು ಬರುವ ದಾರಿ ಹಡಗಿನ ದಾರಿ.

ರೋಗದ ವಿಷಯದಲ್ಲಿ ಬೇಹುಗಾರಿಕೆ ಏತಕ್ಕೆ ಬೇಕು? ರೋಗ ಬಂದ ಊರು ತಾನಾಗಿಯೇ ಕೂಗಿ ಹೇಳುವುದಿಲ್ಲವೆ? ಹೇಳುವುದಿಲ್ಲ. ಹೇಳಿದರೆ ಕೆಡುಕು ತನಗೇ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. 1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡ್ವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ರೋಗಿಗಳನ್ನು ಕಂಡು, ಇದು ಗಡ್ಡೆಯ ಪ್ಲೇಗೇ ಸರಿ ಎಂದು ಸಾರಿದರು. ಆ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂದೆಗೆದವರು ಹಲವರಿದ್ದರು. ಅವರ ಅಂಜಿಕೆ ಸುಳ್ಳಾಗಲಿಲ್ಲ. ಮರುವರ್ಷವೇ ಯೂರೋಪಿನ ರಾಜ್ಯಗಳು ವೆನಿಸ್ಸಿನಲ್ಲಿ ಸಭೆ ಸೇರಿ, ಹಿಂದೂಸ್ಥಾನದಿಂದ ಬರುವ ಹಡಗುಗಳನ್ನು ಹೇಗೆ ತಡೆಯಬೇಕೆಂದು ಚರ್ಚಿಸಿದವು. ಬೊಂಬಾಯಿಯಿಂದ ಮೆಕ್ಕಾ ಯಾತ್ರಿಕರ ಪ್ರಯಾಣ ನಿಂತುಹೋಯಿತು. ರೋಗವಾದರೋ ಯಾರ ಸಭೆಗೂ ಕಾಯಲಿಲ್ಲ. ರೈಲು ಹತ್ತಿ, 1898ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಬಂದಿಳಿಯಿತು.

ಹೇಳಿದವನಿಗೆ ದಂಡ, ಮುಚ್ಚಿಟ್ಟವನಿಗೆ ಲಾಭ ಎಂಬ ಈ ವಿಪರೀತ ಸ್ಥಿತಿಯನ್ನು ಸರಿಪಡಿಸುವ ಮೊದಲ ದೊಡ್ಡ ಯತ್ನ ನಡೆದದ್ದು ಸಿಂಗಪುರದಲ್ಲಿ. ಅದರ ಹಿಂದಿದ್ದವರಲ್ಲಿ ಒಬ್ಬರಿಗೆ ಭಾರತದ ಅನುಭವವಿತ್ತು. ಎಫ್. ನಾರ್ಮನ್ ವೈಟ್ ಎಂಬವರು 1918ರಲ್ಲಿ ಭಾರತ ಸರಕಾರದ ಸ್ಯಾನಿಟರಿ ಕಮಿಷನರಾಗಿದ್ದರು. ಹಡಗಿನಲ್ಲಿ ಬೊಂಬಾಯಿಗೆ ಬಂದ ಇನ್‌ಫ್ಲುಯೆಂಜಾ ಕೆಲವೇ ತಿಂಗಳಲ್ಲಿ ಈ ದೇಶದ ಕೋಟಿಗೂ ಮಿಕ್ಕಿದ ಜನರನ್ನು ನುಂಗಿದ್ದನ್ನು ಕಣ್ಣಾರೆ ಕಂಡು, ಅದರ ಮೇಲೆ ವರದಿ ಬರೆದವರು ಅವರು. ಅವರೇ 1922-23ರಲ್ಲಿ ರಾಷ್ಟ್ರಸಂಘದ ಪರವಾಗಿ ಪೂರ್ವ ಏಷ್ಯದ ಬಂದರುಗಳನ್ನು ಸುತ್ತಿದರು. ಒಂದು ಬಂದರಿನಲ್ಲಿ ಪ್ಲೇಗಿದೆಯೆಂಬ ಸುದ್ದಿ ಇನ್ನೊಂದು ಬಂದರಿಗೆ ಮುಟ್ಟುವುದರೊಳಗೆ ಪ್ಲೇಗೇ ಮುಟ್ಟಿರುತ್ತಿದ್ದ ಕಾಲ ಅದು. ಈ ಪ್ರವಾಸದ ಫಲವಾಗಿ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದ ನೆರವಿನಿಂದ, 1925ರ ಮಾರ್ಚಿಯಲ್ಲಿ ಸಿಂಗಪುರದ ಕಚೇರಿ ಬಾಗಿಲು ತೆರೆಯಿತು.

ಅಲ್ಲಿನ ಕೆಲಸ ನೋಡುವುದಕ್ಕೆ ಗುಮಾಸ್ತೆಗಿರಿಯೇ. ಆದರೆ ಅಂಥ ಗುಮಾಸ್ತೆಗಿರಿ ಹಿಂದೆಂದೂ ನಡೆದಿರಲಿಲ್ಲ. ಆಫ್ರಿಕದ ಪೂರ್ವ ಕರಾವಳಿಯಿಂದ ಶಾಂತಸಾಗರದವರೆಗೆ, ನಮ್ಮ ಬೊಂಬಾಯಿ, ಮದರಾಸು, ಕಲಕತ್ತೆಗಳನ್ನೂ ಒಳಗೊಂಡು, ಮುಂದೆ ನೂರಕ್ಕೂ ಹೆಚ್ಚು ಬಂದರುಗಳು ವಾರವಾರವೂ ಸಿಂಗಪುರಕ್ಕೆ ತಂತಿ ಕೊಡತೊಡಗಿದವು. ಈ ವಾರ ಎಷ್ಟು ಜನಕ್ಕೆ ಕಾಲರಾ ಬಂತು, ಎಷ್ಟು ಜನ ಸತ್ತರು, ಹಡಗುಕಟ್ಟೆಯಲ್ಲಿ ಪ್ಲೇಗು ತಗುಲಿದ ಇಲಿ ಸಿಕ್ಕಿತೆ? ತಂತಿಯಲ್ಲಿ ಪದಕ್ಕೆ ಇಷ್ಟೆಂದು ದುಡ್ಡು ತೆರಬೇಕಾದುದರಿಂದ, ಬಂದರಿನ ಹೆಸರನ್ನೂ ರೋಗವನ್ನೂ ಸಂಖ್ಯೆಗಳನ್ನೂ ಕೆಲವೇ ಅಕ್ಷರಗಳಿಗೆ ಇಳಿಸತಕ್ಕ ಸಂಕೇತಕೋಶವೊಂದನ್ನು ರಚಿಸಿದರು. ಬಂದ ವಾರ್ತೆಯನ್ನು ಕ್ರೋಡೀಕರಿಸಿ, ಅದೇ ಸಂಕೇತದಲ್ಲಿ ಸೈಗಾನಿನ ನಿಸ್ತಂತು ಕೇಂದ್ರದಿಂದ ವಾರಕ್ಕೊಮ್ಮೆ ಬಿತ್ತರಿಸುತ್ತಿದ್ದರು. ಜಾವಾ ದ್ವೀಪದ ಮಲಬಾರಿನಿಂದಲೂ ಬಿತ್ತರಿಕೆಯಿತ್ತು. (ಇದು ನಮ್ಮ ನೆರೆಯ ಮಲಬಾರಲ್ಲ. ಬಾಂಡುಂಗಿನ ಬಳಿಯ ಒಂದು ಬೆಟ್ಟ. ಡಚ್ಚರು ಅಲ್ಲಿ ದೊಡ್ಡ ನಿಸ್ತಂತು ಕೇಂದ್ರವನ್ನು ಕಟ್ಟಿದ್ದರು.) ನಡುಗಡಲಿನಲ್ಲಿರುವ ಹಡಗಿನವನು ಸಹ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು, ತಾನು ಮುಟ್ಟಲಿರುವ ಬಂದರಿನ ಆರೋಗ್ಯವನ್ನು ಮುಂಚಿತವಾಗಿ ತಿಳಿಯಬಹುದಾಗಿತ್ತು.

ಸಂಕೇತಲಿಪಿ, ನಿಸ್ತಂತು, ದೂರದೂರದ ವರದಿಗಾರರು, ಎಲ್ಲವನ್ನೂ ಹೆಣೆಯುವ ಒಂದು ಕೇಂದ್ರ: ಯುದ್ಧಕಾಲದ ಬೇಹುಗಾರಿಕೆಯ ಸಾಮಗ್ರಿಯೆಲ್ಲ ಇಲ್ಲಿದೆ. ಇಲ್ಲದಿರುವುದು ಗುಟ್ಟೊಂದೇ. ಸಂಕೇತಕೋಶವನ್ನು ಮಾಡಿದ್ದು ದುಡ್ಡು ಉಳಿಸುವುದಕ್ಕೆ. ಆರೋಗ್ಯಾಧಿಕಾರಿಗಳ ಕೈಗೆ ಅದನ್ನು ಕೊಟ್ಟಿದ್ದರು. ನನ್ನ ಮಟ್ಟಿಗೆ ಸಿಂಗಪುರದ ಕಚೇರಿಯ ದೊಡ್ಡ ಶೋಧ ಇದು. ಸುದ್ದಿ ಕೊಟ್ಟ ಬಂದರಿಗೆ ಮಿಕ್ಕ ಬಂದರುಗಳ ಸುದ್ದಿ ಸಿಗುತ್ತಿತ್ತು. ನೆರೆಯವನ ಮನೆಯಲ್ಲೂ ಕಾಯಿಲೆಯಿದೆಯೆಂದು ವಾರವಾರವೂ ತಿಳಿದಾಗ, ತನ್ನ ಮನೆಯ ಕಾಯಿಲೆಯನ್ನು ಹೇಳಿಕೊಳ್ಳುವ ನಾಚಿಕೆ ಅಷ್ಟಷ್ಟು ಕಡಿಮೆಯಾಗುತ್ತದೆ. ಅಲ್ಲದೆ, ಅಂಕಿಗಳು ಗೊತ್ತಿದ್ದಾಗ ಇಡೀ ದೇಶದ ಹಡಗುಗಳನ್ನು ತಡೆಯಬೇಕಾಗಿಲ್ಲ, ಒಂದು ಬಂದರಿನ ಹಡಗುಗಳನ್ನು ಪರೀಕ್ಷಿಸಿದರೆ ಸಾಕು. 1933ರಲ್ಲಿ ಜಪಾನು ರಾಷ್ಟ್ರಸಂಘವನ್ನು ಬಿಡುವುದಾಗಿ ಸಾರಿದ ಮೇಲೂ ಆರೋಗ್ಯದ ವ್ಯವಹಾರದಲ್ಲಿ ಅದರ ಸಹಕಾರ ಕೆಲವು ವರ್ಷ ಮುಂದುವರಿದದ್ದನ್ನು ನೋಡಿದರೆ ಈ ಏರ್ಪಾಡಿನ ಗಟ್ಟಿತನ ತಿಳಿಯುತ್ತದೆ.

ಆದರೆ ಅದೇ ಜಪಾನಿನ ಸೇನೆಯ ಇನ್ನೊಂದು ಕೈ ಬೇರೊಂದು ಕೆಲಸದಲ್ಲಿತ್ತು. 1940ರ ಅಕ್ಟೋಬರಿನಲ್ಲಿ ಚೀನದ ನಿಂಗ್ಬೊ ಪಟ್ಟಣದ ಮೇಲೂ, 1941ರ ನವೆಂಬರಿನಲ್ಲಿ ಚಾಂಗ್ಡೆಯ ಮೇಲೂ, ಪ್ಲೇಗಿನ ಚಿಗಟಗಳನ್ನು ವಿಮಾನದಿಂದ ಸುರಿಯಲಾಯಿತು. ರೋಗ ಹೇಗೆ ಹರಡುತ್ತದೆಂಬ ಜ್ಞಾನ ರೋಗವನ್ನು ಹರಡುವುದಕ್ಕೂ ಬಂತು. 1942ರ ಫೆಬ್ರವರಿಯಲ್ಲಿ ಸಿಂಗಪುರವೇ ಬಿದ್ದಿತು. ಕಚೇರಿಯ ಬಿತ್ತರಿಕೆ ಅಡಗಿತು. ಯುದ್ಧ ಮುಗಿದ ಮೇಲೆ ಕೆಲಸ ಮತ್ತೆ ಮೊದಲಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಪಾಲಿಗೆ ಬಂದಿತು. ಆದರೆ ರೋಗದ ಸುದ್ದಿ ಯಾರ ಕಿವಿಗೆ ಬೀಳುತ್ತದೆಂಬ ಸಂದೇಹ ಲೋಕದಲ್ಲಿ ಉಳಿದುಬಿಟ್ಟಿತು. ಆ ಸಂದೇಹದ ಬೆಲೆಯನ್ನು ಕಾಣಲು ನಮ್ಮ ಮಲೆನಾಡಿಗೇ ಬರಬೇಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸುವಗಳೂ ಕೋಡಗಗಳೂ ಸಾಯುತ್ತಿದ್ದವು. ಕಾಡಿಗೆ ಹೋಗಿಬಂದ ಜನರು ವಿಪರೀತ ಜ್ವರದಿಂದ ಮಲಗಿದರು. ಮಂಗ ಸತ್ತಿತು, ಮನುಷ್ಯನಿಗೆ ಜ್ವರ ಬಂತು ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳಲ್ಲಿ ದಿಗಿಲು ಹುಟ್ಟಿಸಿತು. ಆಫ್ರಿಕ, ಅಮೆರಿಕಗಳ ಹಳದಿ ಜ್ವರದ ಲಕ್ಷಣವೇ ಅದು, ಏಷ್ಯಕ್ಕೆ ಆ ಜ್ವರ ಎಂದೂ ಬಂದಿರಲಿಲ್ಲ. ಈ ಕೇಂದ್ರವೂ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಸ್ಥಾಪಿತವಾದದ್ದೇ. ಪರೀಕ್ಷೆಯಲ್ಲಿ ಹೊರಬಿದ್ದದ್ದು ಹಳದಿ ಜ್ವರವಲ್ಲ, ಉಣ್ಣೆಗಳಿಂದ ಹರಡುವ ಹೊಸ ವೈರಸ್ಸು. ಅದರ ಹತ್ತಿರದ ನಂಟರು ಇದ್ದದ್ದು ಸಾವಿರಾರು ಮೈಲು ದೂರದ ರಷ್ಯದ ಕಾಡುಗಳಲ್ಲಿ! ಸೈಬೀರಿಯದ ರೋಗದ ದಾಯಾದಿ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲಕ್ಕೆ ಬರುವ ವಲಸೆಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಮೂಡಿತು.

ಹಕ್ಕಿಯ ದಾರಿಯನ್ನು ತಿಳಿಯುವ ಒಂದು ಉಪಾಯವೆಂದರೆ ಕಾಲಿಗೆ ಉಂಗುರ ತೊಡಿಸಿ ಬಿಡುವುದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರೂ ಬೊಂಬಾಯಿಯ ನಿಸರ್ಗೇತಿಹಾಸ ಸಂಘದವರೂ 1959ರಿಂದ ಈ ಕೆಲಸಕ್ಕೆ ಕೈಹಾಕಿದರು. ಮುಂದೆ ಹಣ ಸಾಲದೆ ಬಂದಾಗ, ಏಷ್ಯದ ಅನೇಕ ದೇಶಗಳಲ್ಲಿ ಇಂಥದೇ ಕೆಲಸವನ್ನು ನಡೆಸುತ್ತಿದ್ದ ಇನ್ನೊಂದು ಯೋಜನೆಯ ನೆರವು ದೊರೆಯಿತು. ಎಲಿಯಟ್ ಮೆಕ್ಲೂರ್ ಎಂಬ ಪಕ್ಷಿವಿಜ್ಞಾನಿಯ ನೇತೃತ್ವದಲ್ಲಿ 1963ರಿಂದ 1971ರವರೆಗೆ ನಡೆದ ಈ ಯೋಜನೆ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ತೊಡಿಸಿತು. ಅದಕ್ಕೆ ಹಣ ಕೊಡುತ್ತಿದ್ದದ್ದು ಅಮೆರಿಕದ ಸೇನೆ.

1974ರಲ್ಲಿ ಪತ್ರಿಕೆಗಳು ಪ್ರಶ್ನೆ ಎತ್ತಿದವು. ದೆಹಲಿಯಲ್ಲಿ ಅಮೆರಿಕದ ಹಣದಿಂದ ನಡೆಯುತ್ತಿದ್ದ ಸೊಳ್ಳೆಗಳ ಸಂಶೋಧನೆಯೊಂದಿಗೆ ಈ ಹಕ್ಕಿಗಳ ಕೆಲಸವೂ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬಂದಿತು. ಯಾವ ಹಕ್ಕಿ ಯಾವ ರೋಗವನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದೆಂಬ ವಾರ್ತೆ ಒಂದು ಪರದೇಶದ ಸೇನೆಗೆ ಏತಕ್ಕೆ? 1975ರ ವರದಿಯಲ್ಲಿ ಸಮಿತಿಯವರು ರೋಗಾಣು ಯುದ್ಧದ ಆತಂಕವನ್ನು ಬಿಚ್ಚಿ ಹೇಳಿದರು. ಸೊಳ್ಳೆಯ ಯೋಜನೆ ಆ ವರ್ಷವೇ ಮುಗಿಯಿತು. ಸಲೀಂ ಅಲಿಯವರಂಥ ಹಿರಿಯರು ಸಹ, ಹಕ್ಕಿಯ ಕಾಲಿಗೆ ಉಂಗುರ ತೊಡಿಸಿದ ತಪ್ಪಿಗೆ, ಸಮಾಧಾನ ಹೇಳಬೇಕಾಯಿತು. ಅವರ ಕೆಲಸದಲ್ಲಿ ಕಪಟವಿರಲಿಲ್ಲವೆಂದೇ ನನ್ನ ನಂಬಿಕೆ. ಹಾಗೆಂದು ಸಮಿತಿಯವರ ಪ್ರಶ್ನೆಯನ್ನು ಹುಚ್ಚೆಂದು ತಳ್ಳಲೂ ಆಗದು, ನಿಂಗ್ಬೊದ ಚಿಗಟಗಳು ಕಟ್ಟುಕತೆಯಲ್ಲ. ಸಿಂಗಪುರದಲ್ಲಿ ವಾರ್ತೆಯ ದಾರದ ಎರಡು ತುದಿಗಳೂ ಎಲ್ಲರ ಕಣ್ಣಿಗೆ ಕಾಣುತ್ತಿದ್ದವು, ಇಲ್ಲಿ ಒಂದು ತುದಿ ಸೇನೆಯ ಬೊಕ್ಕಸದೊಳಗೆ ಹೋಗಿ ಮರೆಯಾಗಿತ್ತು.

ಈಚಿನ ಬೇಹುಗಾರಿಕೆ ಇನ್ನೂ ಚುರುಕಾಗಿದೆ. 1997ರ ಸುಮಾರಿಗೆ ಕೆನಡದವರು ಲೋಕದ ಪತ್ರಿಕೆಗಳನ್ನು ಗಣಕಯಂತ್ರದಿಂದ ಓದಿಸಿ, ರೋಗದ ಸುಳಿವುಗಳನ್ನು ಹೆಕ್ಕುವ ಏರ್ಪಾಡು ಮಾಡಿದರು. 2002ರ ಕೊನೆಯಲ್ಲಿ ಚೀನದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾರ್ಸ್ ಜ್ವರದ ಸುಳಿವು, ಸರಕಾರ ಬಾಯಿಬಿಡುವ ಮೊದಲೇ, ಹೀಗೆ ಸಿಕ್ಕಿತ್ತು. 2005ರ ಅಂತರರಾಷ್ಟ್ರೀಯ ನಿಯಮಾವಳಿಯು ಸರಕಾರಗಳು ಕೊಡದ ಸುದ್ದಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಗಮನಿಸಬಹುದೆಂದು ಒಪ್ಪಿತು. ಹೇಳಿದವರು ದಂಡ ತೆರುವುದು ಮಾತ್ರ ತಪ್ಪಿಲ್ಲ. 1994ರಲ್ಲಿ ಸೂರತ್ತಿನ ಪ್ಲೇಗಿನ ಸುದ್ದಿ ಹಬ್ಬಿದಾಗ, ಅನೇಕ ದೇಶಗಳು ಭಾರತಕ್ಕೆ ವಿಮಾನಗಳನ್ನೇ ನಿಲ್ಲಿಸಿದುವು.

ಇತ್ತ ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಕ್ಯಾಸನೂರು ವೈರಸ್ಸಿನ ಇನ್ನೂ ಹತ್ತಿರದ ನಂಟ 1990ರ ದಶಕದಲ್ಲಿ ಸಿಕ್ಕಿದ್ದು ಸೌದಿ ಅರೇಬಿಯದಲ್ಲಿ. ಮಲೆನಾಡಿನಲ್ಲಿ ಇಂದಿಗೂ ಮೊದಲ ವರದಿಗಾರ ಮಂಗವೇ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ರೋಗ ಮರುಕಳಿಸಿದಾಗಲೂ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಸತ್ತ ಮಂಗವನ್ನು ಕಂಡವರು ಬಂದು ಹೇಳಿದರೆ, ಆ ಜಾಗದ ಸುತ್ತ ಉಣ್ಣೆಗಳನ್ನು ಕೊಲ್ಲುವ ಪುಡಿಯನ್ನು ಎರಚುತ್ತಾರೆ. ಕಂಡವನು ಸಾಮಾನ್ಯವಾಗಿ ಸೌದೆಗೋ ದರಗಿಗೋ ದನ ಮೇಯಿಸುವುದಕ್ಕೋ ಕಾಡಿಗೆ ಹೋದವನು. ಕಾಡಿಗೆ ಹೋಗಬೇಡವೆಂಬ ಮಾತು ಮೊದಲು ತಟ್ಟುವುದೂ ಅವನಿಗೇ.