ತಜ್ಞರ ತಲೆಯಿಂದ ಕಂಪ್ಯೂಟರ್‌ಗೆ: ಎಕ್ಸ್‌ಕಾನ್ ಕಥೆ

ಎಐ ಅಂದ ತಕ್ಷಣ ಈಗ ನಮಗೆ ನೆನಪಾಗೋದು ಚಾಟ್‌ಬಾಟ್. ಇವತ್ತು ನಾನು ಹೇಳೋದು ನಲವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಫ್ಯಾಕ್ಟರಿಯಲ್ಲಿ ದಿನಾ ದುಡಿದ ಎಐ ಕಥೆ. ಅದರ ಹೆಸರು ಎಕ್ಸ್‌ಕಾನ್.

1977ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದ್ರೆ ಡೆಕ್ ಕಂಪನಿ, ವ್ಯಾಕ್ಸ್-11/780 ಕಂಪ್ಯೂಟರ್ ಬಿಡುಗಡೆ ಮಾಡ್ತು. ಇದು ಡಬ್ಬ ಬಿಚ್ಚಿ ಆನ್ ಮಾಡೋ ಲ್ಯಾಪ್‌ಟಾಪ್ ಥರ ಅಲ್ಲ. ಗಿರಾಕಿಗೆ ಬೇಕಾದಂತೆ ಒಂದೊಂದು ಆರ್ಡರೂ ಬೇರೆ. ಯಾವ ಬೋರ್ಡ್ ಯಾವ ಕ್ಯಾಬಿನೆಟ್‌ನಲ್ಲಿ ಕೂರಬೇಕು, ವಿದ್ಯುತ್ ಸಾಲುತ್ತಾ, ಕೇಬಲ್ ಎಷ್ಟುದ್ದ ಬೇಕು, ಇದೆಲ್ಲ ಅನುಭವಿ ತಂತ್ರಜ್ಞರಿಗೆ ಮಾತ್ರ ಗೊತ್ತಿತ್ತು. ಒಂದು ಭಾಗ ಬಿಟ್ಟುಹೋದ್ರೂ ಜೋಡಣೆ ಅಲ್ಲಿಗೇ ನಿಲ್ತಿತ್ತು.

ಮಾಮೂಲಿ ಪ್ರೋಗ್ರಾಂ ಬರೆದು ಇದನ್ನ ಬಗೆಹರಿಸೋಕೆ ಕಂಪನಿ ಮಾಡಿದ ಪ್ರಯತ್ನಗಳು ಕೈಕೊಟ್ಟವು. ಆಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಬೇರೆ ದಾರಿ ಹಿಡಿದರು. ತಜ್ಞರ ಜೊತೆ ಮಾತಾಡಿ, ಅವರ ತಿಳಿವಳಿಕೆಯನ್ನ 'ಹೀಗಿದ್ದರೆ ಹಾಗೆ ಮಾಡು' ಅನ್ನೋ ಸಣ್ಣ ಸಣ್ಣ ನಿಯಮಗಳಾಗಿ ಬರೆದರು. ಉದಾಹರಣೆಗೆ, ಬೋರ್ಡ್‌ಗಳಿಗೆ ವಿದ್ಯುತ್ ಸಾಲದಿದ್ದರೆ ಇನ್ನೊಂದು ಪವರ್ ಸಪ್ಲೈ ಸೇರಿಸು, ಅಂತ. ಇಂಥದ್ದನ್ನೇ ಎಕ್ಸ್‌ಪರ್ಟ್ ಸಿಸ್ಟಮ್ ಅನ್ನೋದು.

1980ರಲ್ಲಿ ಡೆಕ್‌ನ ನ್ಯೂ ಹ್ಯಾಂಪ್‌ಶೈರ್ ಘಟಕದಲ್ಲಿ ಇದು ಕೆಲಸಕ್ಕೆ ಬಂತು. 1986ರ ಹೊತ್ತಿಗೆ ಸುಮಾರು 80,000 ಆರ್ಡರ್ ನೋಡಿತ್ತು; ಶೇ. 95ಕ್ಕಿಂತ ಹೆಚ್ಚು ಸರಿ. ವರ್ಷಕ್ಕೆ 2.5 ಕೋಟಿ ಡಾಲರ್ ಉಳಿತಾಯ ಅನ್ನೋ ಅಂದಾಜೂ ಇತ್ತು. ಇದನ್ನ ನೋಡಿ ಬೇರೆ ಕಂಪನಿಗಳೂ ಎಕ್ಸ್‌ಪರ್ಟ್ ಸಿಸ್ಟಮ್‌ಗಳ ಮೇಲೆ ದುಡ್ಡು ಸುರಿದವು.

ಆದ್ರೆ ಅಸಲಿ ಕಷ್ಟ ಆಮೇಲೆ ಶುರುವಾಯ್ತು. ಹೊಸ ಯಂತ್ರ, ಹೊಸ ಬಿಡಿಭಾಗ ಬಂದಾಗೆಲ್ಲ ಹೊಸ ನಿಯಮ ಬೇಕು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಿಯಮಗಳು 6,000 ದಾಟಿದ್ದವು. ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟನ್ನ ಬದಲಿಸಬೇಕಾಗ್ತಿತ್ತು. ಒಂದನ್ನ ತಿದ್ದಿದ್ರೆ ಇನ್ನೆಲ್ಲಿ ಎಡವಟ್ಟಾಗುತ್ತೋ ಹೇಳೋದು ಕಷ್ಟ. ತಜ್ಞರನ್ನ ಬದಲಿಸೋಕೆ ಬಂದ ಯಂತ್ರ ಅಂತ ಅಂದ್ಕೊಂಡ್ರೆ, ಅದನ್ನ ಸಾಕೋಕೇ ತಜ್ಞರ ತಂಡ ಬೇಕಾಯ್ತು.

ಹಾಗಾದ್ರೆ ಎಕ್ಸ್‌ಕಾನ್ ಸೋಲ್ತಾ? ನನ್ನ ಪ್ರಕಾರ ಇಲ್ಲ. ಅದು ಒಂದು ಕೇಬಲ್ ಯಾಕೆ ಸೇರಿಸ್ತು ಅಂತ ಕೇಳಿದ್ರೆ, ಇಂಥದ್ದೇ ನಿಯಮ ಅಂತ ಬೊಟ್ಟು ಮಾಡಿ ತೋರಿಸಬಹುದಿತ್ತು. ಇವತ್ತು ಎಂಜಿನಿಯರ್‌ಗಳು ಡಿಸೈನ್‌ಗೆ ಚಾಟ್‌ಬಾಟ್ ಸಲಹೆ ಕೇಳ್ತಿದ್ದಾರೆ. ಉತ್ತರ ಥಟ್ಟಂತ ಬರುತ್ತೆ. ಅದರ ಹಿಂದಿನ ಕಾರಣವನ್ನ ಹಾಗೆ ಬೊಟ್ಟು ಮಾಡಿ ತೋರಿಸೋದು ಮಾತ್ರ ಇನ್ನೂ ಕಷ್ಟ. ಸೇತುವೆಯೋ ಲಿಫ್ಟೋ ಆದ್ರೆ, ಆ ಕಾರಣ ಕೇಳೋ ಹಕ್ಕು ಅದನ್ನ ಬಳಸೋ ನಮಗೂ ಇದೆ ಅಲ್ವಾ?